ಪದ ಪರಿಚಯ: ಅಟ್ಟ

ಅಟ್ಟ: ಮಾಡಿನ ಕೆಳಗಿನ ಹಲಗೆಯ ನೆಲೆ, ಸಾಮಾನಿಡುವ ಮೇಲ್ಜಾಗ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಂಚಿನ ಮನೆಗಳಲ್ಲಿ ಅಟ್ಟವನ್ನು ಕೋಣೆ ಮಾಡಿಸಹೊರಟವರ ಬಾಯಲ್ಲಿ ಈಗ ‘ಅಟಿಕ್’. ಅದು ಗ್ರೀಸಿನ ಅಟಿಕಾ ಸೀಮೆಯಿಂದ ಬಂದ ಹೆಸರು. ನಮ್ಮ ಅಟ್ಟಕ್ಕೆ ನೆಂಟನಲ್ಲ. ಸಂಸ್ಕೃತದಲ್ಲಿ ಅಟ್ಟವೆಂದರೆ ಕಾವಲು ಬುರುಜು, ಎತ್ತರದ ಮಹಡಿ. ಹಿಂದಿಯ ಅಟಾರಿ, ಮಲಯಾಳದ ಅಟ್ಟಂ ಇದೇ ಬಳಗ. ಅಟ್ಟಹಾಸದಲ್ಲಿರುವುದೂ ಎತ್ತರದ, ಜೋರಿನ ಅಟ್ಟವೇ. ‘ಅಟ್ಟ ಅಡುಗೆ’ಯದು ಮಾತ್ರ ಬೇರೆ, ಅದು ‘ಅಡು’ ಧಾತುವಿನ ಕೂಸು. ಆದರೂ ನಂಟು ಪೂರ್ತಿ ತಪ್ಪಿಲ್ಲ: ಒಲೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ ಹೊಗೆಗೆ ಒಣಗುತ್ತಿತ್ತು, ಮಳೆಗಾಲಕ್ಕೆಂದು ಬಣ್ಣದ ಸೌತೆ ಬಾಳೆನಾರಿನಲ್ಲಿ ನೇತಾಡುತ್ತಿತ್ತು. ಹೊಗಳಿಕೆಯಲ್ಲಿ ಮನುಷ್ಯರನ್ನೂ ಅಟ್ಟಕ್ಕೇರಿಸುತ್ತೇವೆ. ಕೋಣೆ ಮಾಡಿಸುವವರು ಬೆಳಕಿಗೆ ನಾಲ್ಕು ಗಾಜಿನ ಹಂಚು ಹಾಕಿಸಿ. ಹೆಸರು ಅಟ್ಟವೆಂದೇ ಇರಲಿ.