ದೇವರ ಕಟ್ಟಳೆ, ಹೆಣ್ಣುಮಗಳ ಪಾಲು

ಮನುಷ್ಯನು ತನ್ನ ಬುದ್ಧಿಯನ್ನು ನೆಚ್ಚಿ ಬಾಳಬೇಕೋ, ದೇವರು ವಿಧಿಸಿದ ಕಟ್ಟಳೆಯಂತೆ ನಡೆಯಬೇಕೋ ಎಂಬ ಪ್ರಶ್ನೆ ಮಠಮಂದಿರಗಳ ಜಗಲಿಯಲ್ಲಿ ಮಾತ್ರ ಹುಟ್ಟುವುದಲ್ಲ. ಆಸ್ತಿ ಪಾಲಾಗುವ ದಿನ ಅದು ಮನೆಯ ಪಡಸಾಲೆಯಲ್ಲಿಯೇ ಹುಟ್ಟುತ್ತದೆ, ಅಲ್ಲಿ ಅದಕ್ಕೆ ಹರಿತವೂ ಹೆಚ್ಚು.

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನತ್ತ ಹೋಗುವ ದಾರಿಯಲ್ಲಿ ಗರುಡಾಚಾರ್‌ಪಾಳ್ಯವಿದೆ. ಹಲಸೂರು ದಂಡಿನ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಇದು ಮೈಸೂರು ಸಂಸ್ಥಾನದ ಹಳ್ಳಿ. 1948ರಲ್ಲಿ ಸಮೀಪದ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಬಂದಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆ ಕಂಪ್ಯೂಟರ್ ಉದ್ಯಮ ಬಂದಿತು. 2007ರಲ್ಲಿ ಮಹದೇವಪುರ ನಗರಸಭೆ ಮಹಾನಗರಪಾಲಿಕೆಯಲ್ಲಿ ಲೀನವಾಯಿತು. 2023ರ ಮಾರ್ಚಿಯಲ್ಲಿ ಊರಿನ ಹೆಸರನ್ನೇ ಹೊತ್ತ ಮೆಟ್ರೊ ನಿಲ್ದಾಣ ತೆರೆಯಿತು. ಎಕರೆ, ಗುಂಟೆಗಳ ಲೆಕ್ಕದಲ್ಲಿದ್ದ ನೆಲ ಚದರಡಿಯ ಲೆಕ್ಕಕ್ಕೆ ತಿರುಗಿದೊಡನೆ, ಇಂಥ ಪ್ರತಿಯೊಂದು ಊರಿನಲ್ಲಿಯೂ ಪಿತ್ರಾರ್ಜಿತದ ಪ್ರಶ್ನೆ ಎದ್ದುನಿಲ್ಲುತ್ತದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸುತ್ತಾರೆ. ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಹಣವಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಕೇಳುತ್ತಾರೆ. ಯಾರಾದರೂ ಹಿಂದೆಮುಂದೆ ನೋಡಿದರೆ ಹಿರಿಯರ ಬಾಯಿಂದ ಒಂದು ಮಾತು ಬರುತ್ತದೆ: ಗಂಡಿಗೆ ನೆಲ, ಹೆಣ್ಣಿಗೆ ಬಾಗಿನ ಎನ್ನುವುದು ದೇವರು ಮಾಡಿದ್ದು, ಕಾಯಿದೆ ಮನುಷ್ಯರು ಮಾಡಿದ್ದು.

ಈ ಮಾತಿನ ಬುಡವನ್ನು ಹುಡುಕಿಕೊಂಡು ಹೊರಟರೆ ನಾವು ಕನ್ನಡನಾಡಿನ ಒಂದು ಪಟ್ಟಣಕ್ಕೇ ಹೋಗಿ ಮುಟ್ಟುತ್ತೇವೆ. ಅದು ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಹೆಸರಿಗೆ ಮಿತವಾದ ಅಕ್ಷರಗಳು. ಗ್ರಂಥವೇನೋ ಸಾಕಷ್ಟು ದಪ್ಪವಾಗಿಯೇ ಇದೆ. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಈ ಗ್ರಂಥವೇ ಆಧಾರವಾಯಿತು. ಬರೆದವನು ಸಂನ್ಯಾಸಿ. ತನ್ನದೆಂಬುದು ಏನೂ ಇಲ್ಲದವನೊಬ್ಬನು 'ನನ್ನದು' ಎಂದರೇನು ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಮಾಡಿದ್ದು ನಮ್ಮ ಇತಿಹಾಸದ ಸ್ವಾರಸ್ಯಗಳಲ್ಲೊಂದು.

ವಿಜ್ಞಾನೇಶ್ವರನಿಗೆ ಶ್ರುತಿಸ್ಮೃತಿಗಳು ಪ್ರಮಾಣ. ಅದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿಲ್ಲ. ಹಾಗಿದ್ದೂ ದಾಯವಿಭಾಗದ ಬಾಗಿಲಲ್ಲಿಯೇ ಅವನು ಒಂದು ಪ್ರಶ್ನೆಯನ್ನು ಎತ್ತುತ್ತಾನೆ. ಸ್ವತ್ವ, ಎಂದರೆ ಒಂದು ವಸ್ತು ಒಬ್ಬನದಾಗಿರುವುದು, ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದ ತಿಳಿಯತಕ್ಕದ್ದೋ? ಅವನ ಉತ್ತರ ನೇರವಾಗಿದೆ: ಸ್ವತ್ವವು ಲೌಕಿಕ. ಯಜ್ಞದ ಆಹವನೀಯಾಗ್ನಿಯಂಥದು ಶಾಸ್ತ್ರವಿಲ್ಲದೆ ತಿಳಿಯುವುದಿಲ್ಲ, ಏಕೆಂದರೆ ಅದರ ಪ್ರಯೋಜನವೂ ಶಾಸ್ತ್ರದೊಳಗೇ ಇದೆ. ಅಕ್ಕಿಯಂಥ ವಸ್ತು ಹಾಗಲ್ಲ. ಶಾಸ್ತ್ರದ ಹೆಸರನ್ನೇ ಕೇಳದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಯಾವುದು ಯಾರದೆಂಬುದು ಅವರಿಗೂ ಗೊತ್ತು. ಮಗನಿಗೂ ಮೊಮ್ಮಗನಿಗೂ ಅಜ್ಜನ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕುಂಟೆಂಬ ಪ್ರಸಿದ್ಧವಾದ ಮಾತನ್ನೂ ಅವನು ಲೋಕಪ್ರಸಿದ್ಧಿಯ ಬಲದಿಂದಲೇ ಎತ್ತಿಹಿಡಿಯುತ್ತಾನೆ.

ಇಲ್ಲಿ ತುಸು ನಿಲ್ಲಬೇಕು. ಆಸ್ತಿಯ ಹಂಚಿಕೆ ದೇವರು ಮಾಡಿದ್ದೆನ್ನುವವರು ನೆಚ್ಚಿಕೊಳ್ಳುವ ಪರಂಪರೆಯ ಬುಡದಲ್ಲಿಯೇ, ಆಸ್ತಿ ಲೋಕದ್ದು ಎಂಬ ಮಾತು ಹೂತಿದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ದಿಟ್ಟವಾದದ್ದು. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂದು ಸ್ಮೃತಿವಚನಗಳುಂಟು. ವಿಜ್ಞಾನೇಶ್ವರನು ಆ ವಚನಗಳನ್ನು ಮುಚ್ಚಿಡುವುದಿಲ್ಲ, ತಿರುಚುವುದೂ ಇಲ್ಲ. ಅವು ಶಾಸ್ತ್ರದಲ್ಲಿವೆ, ನಿಜ. ಆದರೂ ಆಚರಿಸತಕ್ಕವಲ್ಲ, ಏಕೆಂದರೆ ಲೋಕವು ಅಂಥ ವಿಷಮ ವಿಭಾಗಕ್ಕೆ ಹೇಸುತ್ತದೆ ಎನ್ನುತ್ತಾನೆ. ಅದಕ್ಕೆ ಯಾಜ್ಞವಲ್ಕ್ಯನ ಮಾತನ್ನೇ ಆಧಾರವಾಗಿ ತರುತ್ತಾನೆ. ನಿಯೋಗಪದ್ಧತಿ, ಯಜ್ಞದ ಗೋವಧೆ ಇವೂ ಶಾಸ್ತ್ರದಲ್ಲಿದ್ದು ಕೈಬಿಟ್ಟುಹೋದವೇ ಎಂದು ನಿದರ್ಶನವನ್ನೂ ಕೊಡುತ್ತಾನೆ. ಶಾಸ್ತ್ರನಿಷ್ಠನಾದವನು ಶಾಸ್ತ್ರದೊಳಗೇ ಜನರ ಮನಸ್ಸಾಕ್ಷಿಗೆ ಒಂದು ಬಾಗಿಲು ತೆರೆದಿಟ್ಟ ರೀತಿ ಇದು. ಇದನ್ನು ಬರಿಯ ಪಂಡಿತನ ಚಮತ್ಕಾರವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಹೆಣ್ಣಿನ ವಿಷಯದಲ್ಲಿ ಅವನು ನಮ್ಮ ಕಾಲದ ಸಮಾನತೆಯವರೆಗೆ ಬರಲಿಲ್ಲ. ಬಂದನೆಂದು ಹೇಳುವುದು ಅಪಚಾರ. ಆದರೆ ತನ್ನ ಕಾಲದ ಅನೇಕರಿಗಿಂತ ಮುಂದೆ ಬಂದನು. ಮದುವೆಯಾಗದ ಮಗಳಿಗೆ ಸ್ಮೃತಿ ಹೇಳಿದ ನಾಲ್ಕನೆಯ ಒಂದಂಶ ಬರಿಯ ಮದುವೆಯ ಖರ್ಚು ಎಂದವರುಂಟು. ಅಲ್ಲ, ತಂದೆ ತೀರಿದ ಮೇಲೆ ಮಗಳು ನಿಜವಾಗಿ ಪಾಲಿಗೆ ಅರ್ಹಳು ಎಂದು ಅವನ ಪಕ್ಷ. ಗಂಡುಸಂತಾನವಿಲ್ಲದೆ, ಪಾಲಾಗಿ ಬೇರೆಯಿದ್ದು ತೀರಿಕೊಂಡವನ ಆಸ್ತಿ ಹೆಂಡತಿಗೆ ಸಲ್ಲಬೇಕೆಂದು ಉದ್ದಕ್ಕೂ ವಾದಿಸಿದನು. ಸ್ತ್ರೀಧನವೆಂದರೆ ತವರಿನ ಒಡವೆ, ಮದುವೆಯ ಉಡುಗೊರೆ ಮಾತ್ರವಲ್ಲ. ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು ಎಲ್ಲವೂ ಸ್ತ್ರೀಧನವೇ ಎಂದನು. ಸ್ಮೃತಿಯ ಶ್ಲೋಕದಲ್ಲಿದ್ದ 'ಮೊದಲಾದ' ಎಂಬರ್ಥದ ಒಂದು ಪುಟ್ಟ ಮಾತಿನ ಮೇಲೆ ಇಷ್ಟನ್ನೂ ನಿಲ್ಲಿಸಿದನು. ತಾಯಿಯ ಧನ ಮೊದಲು ಹೆಣ್ಣುಮಕ್ಕಳಿಗೆ ಸಲ್ಲಬೇಕು, ಮಗಳಲ್ಲಿ ತಾಯಿಯ ದೇಹದ ಅಂಶ ಹೆಚ್ಚು ಎಂಬುದು ಅವನ ಇನ್ನೊಂದು ವಾದ.

ಅದೇ ಕಲ್ಯಾಣದಲ್ಲಿ, ಅರ್ಧ ಶತಮಾನದೊಳಗೆ, ಇದೇ ಪ್ರಶ್ನೆಗೆ ಬೇರೊಂದು ಉತ್ತರ ಬಂದಿತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನಿಗೂ ಅವನ ಸಂಗಡದ ಶರಣರಿಗೂ ಸ್ಮೃತಿಯೇ ಮನುಷ್ಯರ ಬುದ್ಧಿಯ ಕಟ್ಟು. ದೇವರ ಕಟ್ಟಳೆ ತಾಳೆಗರಿಯಲ್ಲಿಲ್ಲ, ನಡೆಯಲ್ಲಿ ಮತ್ತು ಅನುಭಾವದಲ್ಲಿದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣನಾಗಿದ್ದ ಮಧುವರಸನ ಮಗಳನ್ನು ಕೊಟ್ಟ ಮದುವೆ, ಅದಕ್ಕಾಗಿ ಬಿಜ್ಜಳನು ವಿಧಿಸಿದ ಘೋರಶಿಕ್ಷೆ, 1167ರ ಸುಮಾರಿಗೆ ಕಲ್ಯಾಣದಲ್ಲಿ ಆದ ವಿಪ್ಲವ ಇವನ್ನು ವೀರಶೈವ ಪುರಾಣಗಳು ಕಥೆಮಾಡಿ ಹೇಳಿವೆ. ಶಾಸ್ತ್ರದೊಳಗೆ ಬಾಗಿಲು ತೆರೆದವನು ಒಬ್ಬ. ಗೋಡೆಯನ್ನೇ ಬೇಡವೆಂದವನು ಇನ್ನೊಬ್ಬ. ಇತಿಹಾಸ ಇವರಿಬ್ಬರನ್ನೂ ವಿಚಿತ್ರವಾಗಿ ಒಂದೇ ಗಂಟಿನಲ್ಲಿ ಕಟ್ಟಿತು. ಏಳು ನೂರು ವರ್ಷಗಳ ತರುವಾಯ ಬ್ರಿಟಿಷರ ನ್ಯಾಯಾಲಯಗಳಲ್ಲಿ ಬಸವಣ್ಣನನ್ನು ಗುರುವೆಂದ ಲಿಂಗಾಯತರ ಆಸ್ತಿವ್ಯಾಜ್ಯಗಳೂ ಸಾಮಾನ್ಯವಾಗಿ ಮಿತಾಕ್ಷರದ ಪ್ರಕಾರವೇ ತೀರ್ಮಾನವಾದವು!

ಬಾಗಿಲು ಮುಚ್ಚಿದ್ದು ಆ ನ್ಯಾಯಾಲಯಗಳಲ್ಲಿಯೇ. ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಎಂದು ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಗೊತ್ತುಮಾಡಿದನು. 1810ರಲ್ಲಿ ಕೋಲ್‌ಬ್ರುಕ್ ಮಿತಾಕ್ಷರದ ದಾಯಭಾಗವನ್ನು ಇಂಗ್ಲಿಷಿಗೆ ತಂದನು. ನ್ಯಾಯಾಧೀಶರಿಗೆ ಅರ್ಥ ಹೇಳುತ್ತಿದ್ದ ಪಂಡಿತರ ಹುದ್ದೆ 1864ರಲ್ಲಿ ರದ್ದಾಯಿತು. ಆಮೇಲೆ ಉಳಿದದ್ದು ಭಾಷಾಂತರ ಮತ್ತು ತೀರ್ಪುಗಳ ಸಾಲು. ಹೆಣ್ಣು ದಾಯವಾಗಿ ಪಡೆದದ್ದೂ ಸ್ತ್ರೀಧನವೆಂದ ವಿಜ್ಞಾನೇಶ್ವರನ ಮಾತನ್ನು ಲಂಡನ್ನಿನ ಪ್ರೀವಿ ಕೌನ್ಸಿಲ್ 1867ರಿಂದ ಮೊದಲುಗೊಂಡು ಒಂದೊಂದೇ ತೀರ್ಪಿನಲ್ಲಿ ಮೊಟಕುಮಾಡಿತು. ಹೆಣ್ಣಿಗೆ ಅನುಭವದ ಹಕ್ಕು ಮಾತ್ರ, ಪರಭಾರೆಯ ಹಕ್ಕಿಲ್ಲವೆಂಬ 'ಸನಾತನ' ನಿಯಮಕ್ಕೆ ಈ ತೀರ್ಪುಗಳು ಕೊಟ್ಟ ಬಲ ಸ್ಮೃತಿಗಳು ಕೊಟ್ಟದ್ದಕ್ಕಿಂತ ಕಡಮೆಯದಲ್ಲ.

ಶಿವಾಜಿನಗರದ ಕಡೆಯ ಮುಸ್ಲಿಂ ಮನೆತನಗಳ ವಿಷಯವೂ ಹೆಚ್ಚು ಬೇರೆಯಲ್ಲ. ಕುರಾನು ಮಗನ ಪಾಲಿನ ಅರ್ಧವನ್ನು ಮಗಳಿಗೆ ನಿಶ್ಚಯಿಸಿದೆ. ರೂಢಿಯನ್ನು ತೆಗೆದು ಧರ್ಮದ ಕಟ್ಟಳೆಯನ್ನೇ ಜಾರಿಗೆ ತರುತ್ತೇವೆಂದು ಹೊರಟ 1937ರ ಷರೀಯತ್ ಕಾಯಿದೆ, ವ್ಯವಸಾಯದ ಜಮೀನನ್ನು ಮಾತ್ರ ಹೊರಗಿಟ್ಟಿತು. ಹೊಲದ ಬದುವಿನ ಹತ್ತಿರ ಬಂದಾಗ ದೇವರ ಮಾತನ್ನೂ ಮನುಷ್ಯ ತುಸು ತಡೆದು ನಿಲ್ಲಿಸುತ್ತಾನೆ.

ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತೆಂಬುದು ನಮಗೆ ಅಭಿಮಾನದ ಸಂಗತಿ. ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಇವರಿಗೂ ಅದು ಅಂಶ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದ ಸಂನ್ಯಾಸಿ ಸ್ತ್ರೀಧನದ ಬಗ್ಗೆ ಹೇಳಿದ್ದಕ್ಕೆ ಇದು ಬಹುಮಟ್ಟಿಗೆ ಹತ್ತಿರ. ಆದರೆ ಹುಟ್ಟಿನಿಂದ ಬರುವ ಹಕ್ಕು ಆಗಲೂ ಗಂಡುಮಕ್ಕಳಲ್ಲಿಯೇ ಉಳಿಯಿತು.

1994ರ ಜುಲೈ 30ರಿಂದ ಕರ್ನಾಟಕ ಆ ಹಕ್ಕನ್ನು ಮಗಳಿಗೂ ಕೊಟ್ಟಿತು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿದ್ದರೇ ಇಲ್ಲವೇ ಎಂದು ನೋಡಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಮಾನಿಸಿತು. ಹುಟ್ಟಿನಿಂದ ಹಕ್ಕು ಎಂಬ ಆ ಮಾತು ವಿಜ್ಞಾನೇಶ್ವರನದೇ. ಮಗನೆಂದಿದ್ದ ಕಡೆ ಮಗಳೂ ಸೇರಿದಳು, ಅಷ್ಟೆ.

ಆದರೆ ಕಾಯಿದೆ ಒಂದು ಗಡುವನ್ನೂ ಇಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳನ್ನೂ ಅಂದಿಗೆ ಮಾರಾಟವಾಗಿದ್ದ ಜಮೀನುಗಳನ್ನೂ ಅದು ಮುಟ್ಟುವುದಿಲ್ಲ. ಬೆಂಗಳೂರಿನ ಪೂರ್ವದಿಕ್ಕಿನ ಹೊಲಗಳು ನಿವೇಶನಗಳಾಗಿ ಕೈಬದಲಾಗತೊಡಗಿದ್ದು ಆ ದಿನಕ್ಕೆ ಬಹಳ ಮುಂಚೆ. ಆಗ ಪಾಲು ಕೇಳುವ ಹಕ್ಕಿಲ್ಲದೆ ತವರಿಗೆ ಬಂದು ಬಾಗಿನ ತೆಗೆದುಕೊಂಡು ಹೋದವರ ನೆಲದ ಮೇಲೆ ಇಂದು ಬಹುಮಹಡಿಗಳು ನಿಂತಿವೆ. ಆಮೇಲಿನವರ ಮುಂದೆ ಹಕ್ಕು ಬಿಡುಗಡೆ ಪತ್ರ ಬಂದಾಗ, ಅವರು ಬಿಟ್ಟುಕೊಡುವುದು ತಮ್ಮದನ್ನೇ.