ನೆಲದ ಟಿಕೆಟ್ಟಿನ ಚಿತ್ರಗಳು

ಸಿನಿಮಾದ ಬಗ್ಗೆ ಬರೆಯುವುದಕ್ಕೆ ನನಗೆ ಅಧಿಕಾರವೇನೂ ಇಲ್ಲ. ಕ್ಯಾಮರಾ ಎಲ್ಲಿಟ್ಟರು, ಕತ್ತರಿ ಎಲ್ಲಿ ಆಡಿಸಿದರು ಎಂಬುದು ನನ್ನ ಕಣ್ಣಿಗೆ ಬೀಳುವುದಿಲ್ಲ. ವರ್ಷಕ್ಕೆ ನಾಲ್ಕೋ ಐದೋ ಚಿತ್ರ ನೋಡಿದವನು. ಅದರಲ್ಲೂ ಎರಡು ನೆಂಟರಿಷ್ಟರ ಬಲವಂತಕ್ಕೆ. ಆದರೂ ನಿನಗೆ ಮೆಚ್ಚಿಗೆಯಾದ ಚಿತ್ರ ಯಾವುದು ಎಂದು ಯಾರಾದರೂ ಕೇಳಿದರೆ ತಡವರಿಸದೆ ನಾಲ್ಕು ಹೆಸರು ಹೇಳುತ್ತೇನೆ: ‘ಸಂಸ್ಕಾರ’, ‘ಶರಪಂಜರ’, ‘ಬಂಗಾರದ ಮನುಷ್ಯ’, ‘ಘಟಶ್ರಾದ್ಧ’. ನಾಲ್ಕೂ 1970ರಿಂದ 1977ರೊಳಗೆ ತಯಾರಾದವು. ನಾಲ್ಕಕ್ಕೂ ಬೇರು ಕನ್ನಡದ ಕತೆ, ಕಾದಂಬರಿಗಳಲ್ಲಿದೆ. ಅದರ ನಂತರ ಒಳ್ಳೆಯ ಚಿತ್ರ ಬರಲಿಲ್ಲವೆಂದು ನಾನು ಹೇಳುತ್ತಿಲ್ಲ. ಹದಿನೈದರಿಂದ ಇಪ್ಪತ್ತೆರಡರವರೆಗಿನ ವಯಸ್ಸಿನಲ್ಲಿ ಕಂಡದ್ದು ಮೈಗೆ ಅಂಟಿಕೊಳ್ಳುವ ರೀತಿಯೇ ಬೇರೆ.

ನನ್ನ ಪಟ್ಟಿ ಕೇಳಿದ ಸ್ನೇಹಿತರೊಬ್ಬರು, “ಎರಡು ಕಲಾತ್ಮಕ, ಎರಡು ವ್ಯಾಪಾರಿ. ನೀವು ಯಾವ ಪಂಗಡ ಸ್ವಾಮಿ?” ಎಂದು ಹಾಸ್ಯ ಮಾಡಿದ್ದರು. ನಾನು ಬೆಳೆದ ಟೆಂಟಿನಲ್ಲಿ ಇದ್ದದ್ದು ಒಂದೇ ವಿಭಜನೆ: ನೆಲಕ್ಕೂ ಬೆಂಚಿಗೂ ನಡುವೆ ಕಟ್ಟಿದ ಒಂದು ಹಗ್ಗ.

ಟೂರಿಂಗ್ ಟಾಕೀಸೆಂದರೆ ಏನೆಂದು ಈಗಿನವರಿಗೆ ಸ್ವಲ್ಪ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಊರಾಚೆಯ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿತ್ತು. ಬೆಳಕಿರುವಾಗ ಪರದೆಯ ಮೇಲೆ ಏನೂ ಕಾಣದ ಕಾರಣ ಸಂಜೆ ಕತ್ತಲಾದ ಮೇಲೆಯೇ ಆಟ. ಮೈಕಿನಲ್ಲಿ ವೆಂಕಟೇಶನ ಹಾಡಿನ ತಟ್ಟೆ ಹಾಕಿದರೆಂದರೆ ಟಿಕೆಟ್ಟು ಕೊಡುತ್ತಾರೆಂದು ಅರ್ಥ. ಅಡುಗೆಮನೆಗಳಲ್ಲಿ ಮುದ್ದೆ ತಿರುವುವ ಕೈ ಚುರುಕಾಗುತ್ತಿತ್ತು. ನೆಲದವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು; ಹಿಂದಿನವನಿಗೆ ಕಾಣದಿದ್ದರೆ ಅವನೂ ತನ್ನ ಗುಡ್ಡೆ ಏರಿಸುತ್ತಿದ್ದ. ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಪೇಟೆಯವರಿಗೆ ಒಂದೇ ವಿರಾಮವಾದರೆ ನಮಗೆ ಹಲವು. ಉರಿದುಳಿದ ಕಾರ್ಬನ್ ಕಡ್ಡಿಗಳಿಗೂ ತುಂಡು ಫಿಲ್ಮುಗಳಿಗೂ ಹುಡುಗರಲ್ಲಿ ಮಾರಾಮಾರಿ. ಬಲ್ಬಿನ ಬುರುಡೆಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಗೋಡೆಯ ಮೇಲೆ ರಾಜಕುಮಾರರ ಮುಖ ಮೂಡಿಸಿದವನೇ ನಮ್ಮಲ್ಲಿ ವಿಜ್ಞಾನಿ.

ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮಲ್ಲಿಗೆ ಬರಲು ಒಂದು ವರ್ಷವೋ ಎರಡು ವರ್ಷವೋ ಆಗುತ್ತಿತ್ತು. 1972ರ ‘ಬಂಗಾರದ ಮನುಷ್ಯ’ವಂತೂ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಸಿದ್ದಲಿಂಗಯ್ಯನವರ ನಿರ್ದೇಶನ; ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾಯರ ಕತೆ. ಅದನ್ನು ನೋಡಿ ಓದಿದ ಹುಡುಗರು ಹಳ್ಳಿಗೆ ಹಿಂದಿರುಗಿ ನೇಗಿಲು ಹಿಡಿದರೆಂಬ ಮಾತು ಪ್ರಸಿದ್ಧವಾಗಿದೆ. ನಮ್ಮೂರಿಗೆ ಯಾರೂ ಹಿಂದಿರುಗಲಿಲ್ಲ; ಇದ್ದ ಇಬ್ಬರು ಪದವೀಧರರೂ ಬೆಂಗಳೂರಿಗೆ ಹೋದರು. ನನಗೆ ಆ ಚಿತ್ರ ಹಿಡಿಸಿದ್ದು ಬೇಸಾಯದ ಕಾರಣಕ್ಕಲ್ಲ, ಊಟದ ದೃಶ್ಯದ ಕಾರಣಕ್ಕೆ. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದ ರಾಜೀವನನ್ನು, ಅವನೇ ಓದಿಸಿದ ಅಕ್ಕನ ಮಗ ಊಟಕ್ಕೆ ಕುಳಿತಾಗ ಹಂಗಿಸುತ್ತಾನೆ. ರಾಜೀವ ಅನ್ನ ಬಿಟ್ಟು ಏಳುತ್ತಾನೆ, ಹಾಗೆಯೇ ಮನೆ ಬಿಟ್ಟು ಹೊರಡುತ್ತಾನೆ. ಆ ವರ್ಷ ನಮ್ಮ ಮನೆಯಲ್ಲಿ ಪಾಲಿನ ಮಾತು ನಡೆದಿತ್ತು. ದೊಡ್ಡಪ್ಪ ಆ ದೃಶ್ಯದಲ್ಲಿ ಎದ್ದು ಬೀಡಿ ಸೇದಲು ಹೊರಗೆ ಹೋದವರು ಚಿತ್ರ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಈಗ ಯೋಚಿಸಿದರೆ ನನ್ನ ನಾಲ್ಕು ಚಿತ್ರಗಳಲ್ಲೂ ಯಾರೋ ಒಬ್ಬರು ಮನೆಯಿಂದ, ಊರಿನಿಂದ ಹೊರಗಾಗುತ್ತಾರೆ. ಹಾಗೆಂದು ಲೆಕ್ಕ ಹಾಕಿ ಮೆಚ್ಚಿದ್ದಲ್ಲ.

‘ಶರಪಂಜರ’ದ ವಿಷಯಕ್ಕೆ ಬಂದರೆ ನನಗೆ ಚಿತ್ರವನ್ನೂ ಮನೆಯನ್ನೂ ಬೇರೆ ಮಾಡಲಾಗುವುದಿಲ್ಲ. ತ್ರಿವೇಣಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ ತೀರಿಕೊಂಡರು. 1967ರಲ್ಲಿ ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ಮೊದಲು ನಿರ್ದೇಶಿಸಿದ ‘ಬೆಳ್ಳಿಮೋಡ’ವೂ ತ್ರಿವೇಣಿಯವರದೇ ಕಾದಂಬರಿ, ಅದರಲ್ಲೂ ಕಲ್ಪನಾ. 1971ರಲ್ಲಿ ಅದೇ ಜೋಡಿ ‘ಶರಪಂಜರ’ ಕೊಟ್ಟಿತು. ಬಾಣಂತನದಲ್ಲಿ ಬುದ್ಧಿ ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ನೋಡುತ್ತಾರೆ. ಕೊನೆಗೆ ನಿಜವಾಗಿಯೂ ಹುಚ್ಚಿಯಾಗಿಸುತ್ತಾರೆ. ಕತೆ ಇಷ್ಟೆ.

ನನ್ನ ಚಿಕ್ಕಮ್ಮನಿಗೆ 1969ರಲ್ಲಿ ಹೆರಿಗೆಯಾದ ಮೇಲೆ ಹೀಗೆಯೇ ಆಗಿತ್ತು. ಮೂರು ತಿಂಗಳು ಬೆಂಗಳೂರಿನಲ್ಲಿಟ್ಟುಕೊಂಡು ಚಿಕಿತ್ಸೆ ಮಾಡಿದರು. ಚೆನ್ನಾಗಿಯೇ ಹಿಂದಿರುಗಿದರು. ಆದರೆ ಅವರು ಬರುವ ಹಿಂದಿನ ದಿನ ಈಳಿಗೆಮಣೆ ಅಟ್ಟಕ್ಕೆ ಹೋಯಿತು. ಬಾವಿಕಟ್ಟೆಗೆ ಒಬ್ಬರೇ ಹೋಗುವಂತಿರಲಿಲ್ಲ. ಮಗು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿತ್ತು. ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, “ಈಗ ಹೇಗಿದ್ದಾಳೆ?” ಎಂದು ಕೇಳುತ್ತಿದ್ದರು, ಚಿಕ್ಕಮ್ಮ ಅವರಿಗೇ ಕಾಫಿ ತಂದುಕೊಡುತ್ತಿದ್ದರು. ಯಾರೂ ಕೆಟ್ಟವರಲ್ಲ. ಎಲ್ಲರೂ ಹುಷಾರಾಗಿದ್ದರು, ಅಷ್ಟೆ. ಆ ಹುಷಾರು ನಾಲ್ಕು ವರ್ಷ ನಡೆಯಿತು.

1973ರ ಬೇಸಿಗೆಯಲ್ಲಿ ‘ಶರಪಂಜರ’ ನಮ್ಮ ಟೆಂಟಿಗೆ ಬಂತು. ಕತೆ ಎಲ್ಲರಿಗೂ ಗೊತ್ತು. ಸಂಚಾರಿ ಗ್ರಂಥಾಲಯದಿಂದ ತಂದ ಪುಸ್ತಕ ಹೆಂಗಸರ ಕೈಯಲ್ಲಿ ಸವೆದುಹೋಗಿತ್ತು. ಚಿಕ್ಕಮ್ಮನನ್ನು ಕರೆದೊಯ್ಯುವುದೋ ಬಿಡುವುದೋ ಎಂದು ಹಜಾರದಲ್ಲಿ ಪಿಸುಪಿಸು ನಡೆಯಿತು. ಅಜ್ಜಿ, “ಅವಳೂ ಬರ್ಲಿ. ಅವಳೊಬ್ಬಳೇ ಮನೇಲಿ ಕೂತು ಏನ್ ಮಾಡ್ಬೇಕು?” ಎಂದರು. ಗಾಡಿ ಕಟ್ಟಿ ಹೋದೆವು. ಬೆಂಚಿನ ಟಿಕೆಟ್ಟು ತೆಗೆಸಿದರೂ ಅಜ್ಜಿ ಸೊಂಟಕ್ಕೆ ಹಿತವೆಂದು ನೆಲದಲ್ಲೇ ಕೂತರು, ಅವರ ಸುತ್ತ ನಾವೆಲ್ಲ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದು, ಒಬ್ಬೊಬ್ಬರೂ ಅವಳಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಸಾಲಿನಲ್ಲಿ ಕಡಲೆಕಾಯಿ ಒಡೆಯುವ ಸದ್ದು ನಿಂತಿತು. ಯಾರೂ ಚಿಕ್ಕಮ್ಮನ ಕಡೆ ನೋಡಲಿಲ್ಲ. ರೀಲು ಮುಗಿದು ದೀಪ ಹತ್ತಿತು. ಅಜ್ಜಿ ತಮ್ಮ ತೊಡೆಯ ಮೇಲೆ ಮಲಗಿದ್ದ ಮಗುವನ್ನು ಎತ್ತಿ, “ಕಾಲು ಜೋಮು ಹಿಡೀತು, ತಗೊಳೇ” ಎಂದು ಚಿಕ್ಕಮ್ಮನ ಮಡಿಲಿಗೆ ಹಾಕಿದರು. ಚಿಕ್ಕಮ್ಮ ಸೆರಗು ಸರಿಮಾಡಿ ಮಗುವಿಗೆ ಹೊದಿಸಿದರು. ದೀಪ ಆರಿತು. ಮರುದಿನ ಬೆಳಿಗ್ಗೆ ಈಳಿಗೆಮಣೆ ಅಟ್ಟದಿಂದ ಇಳಿದಿತ್ತು. ಯಾರು ಇಳಿಸಿದರೆಂದು ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ.

ವಿಮರ್ಶಕರು ಪುಟ್ಟಣ್ಣನವರಲ್ಲಿ ಅಬ್ಬರ ಹೆಚ್ಚೆನ್ನುತ್ತಾರೆ. ಇರಬಹುದು. ಬಹಳ ವರ್ಷಗಳ ಮೇಲೆ ಟೀವಿಯಲ್ಲಿ ಆ ಚಿತ್ರ ಬಂದಾಗ ಚಿಕ್ಕಮ್ಮ ಹುರುಳಿಕಾಯಿ ನಾರು ತೆಗೆಯುತ್ತ, “ಕಲ್ಪನಾ ಚೆನ್ನಾಗಿ ಮಾಡಿದಾಳೆ. ಆದ್ರೆ ಅಷ್ಟು ಕೂಗ್ತಾರೇನೋ? ನಾವ್ಯಾರೂ ಅಷ್ಟು ಕೂಗ್ತಿರ್ಲಿಲ್ಲ. ಕೂಗೋಕೆ ಶಕ್ತಿ ಎಲ್ಲಿರ್ತಿತ್ತು?” ಎಂದರು. ‘ಶರಪಂಜರ’ದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದೇ. ಆ ಹೊತ್ತಿಗೆ ಕಲ್ಪನಾ ಬದುಕಿರಲಿಲ್ಲ, 1979ರಲ್ಲೇ ಹೋಗಿದ್ದರು.

‘ಸಂಸ್ಕಾರ’ ನಮ್ಮ ಟೆಂಟಿಗೆ ಬರಲೇ ಇಲ್ಲ. ಮೈಸೂರಿಗೆ ಓದಲು ಹೋದ ಮೇಲೆ ನೋಡಿದೆ. ಅನಂತಮೂರ್ತಿಯವರ ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರದು. ಮದರಾಸಿನ ಸೆನ್ಸಾರು ಮಂಡಳಿ ಅದನ್ನು ಮೊದಲು ತಡೆಹಿಡಿಯಿತು. ಬಿಡುಗಡೆಯಾದ ಮೇಲೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಛಾಯಾಗ್ರಹಣ ಮಾಡಿದವರು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವರು. ಹೆಣ ಸುಡುವವರು ಯಾರೆಂಬ ಚರ್ಚೆಯಲ್ಲಿ ಅಗ್ರಹಾರವೇ ಕೊಳೆಯುತ್ತದೆ, ಪ್ರಾಣೇಶಾಚಾರ್ಯರು ಊರು ಬಿಟ್ಟು ಅಲೆಯುತ್ತಾರೆ. ಆದರೆ ಸದ್ದಿಲ್ಲದೆ ಹೆಣ ಸುಡಿಸುವವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾ ಇದ್ದ ಹೆಂಗಸು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದು ತಿಳಿದ ಮೇಲೆ ಆ ಚಿತ್ರದಲ್ಲಿ ನನಗೆ ಚಂದ್ರಿಯೊಬ್ಬಳೇ ಕಾಣುತ್ತಾಳೆ.

‘ಘಟಶ್ರಾದ್ಧ’ವೂ ಅನಂತಮೂರ್ತಿಯವರ ಕತೆ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಅದಕ್ಕೂ ಸ್ವರ್ಣಕಮಲ ಬಂತು. ಬಸುರಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅವಳ ಪಾಲಿಗೆ ನಿಂತದ್ದು ವೇದ ಕಲಿಯಲು ಬಂದ ನಾಣಿಯೆಂಬ ಪುಟ್ಟ ಹುಡುಗನೊಬ್ಬನೇ. ಅವನನ್ನೂ ಅಪ್ಪ ಬಂದು ಕರೆದೊಯ್ಯುತ್ತಾನೆ. ಇಲ್ಲಿ ಯಾರೂ ಕೂಗುವುದಿಲ್ಲ, ಚಿಕ್ಕಮ್ಮನಿಗೆ ಹಿಡಿಸಬಹುದಿತ್ತು. ನಾನು ತೋರಿಸಲಿಲ್ಲ. ನಾಣಿಯ ಮುಖ ನೋಡುವಾಗಲೆಲ್ಲ ನನಗೆ ಆ ನಾಲ್ಕು ವರ್ಷಗಳಲ್ಲಿ ಅಜ್ಜಿಯ ಮಗ್ಗುಲಿನಿಂದ ತಾಯಿಯ ಕಡೆ ನೋಡುತ್ತಿದ್ದ ಮಗು ನೆನಪಾಗುತ್ತಿತ್ತು.

2024ರಲ್ಲಿ ‘ಘಟಶ್ರಾದ್ಧ’ದ ಪ್ರತಿಯನ್ನು ಶುಚಿಮಾಡಿ, ಹೊಸದಾಗಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂತೋಷದ ಸುದ್ದಿ. ಎಲ್ಲ ಚಿತ್ರಗಳಿಗೂ ಈ ಯೋಗವಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಉಳಿದೇ ಇಲ್ಲ. ನನ್ನ ಹತ್ತಿರ ‘ಶರಪಂಜರ’ದ ಒಂದು ಹಳೆಯ ಡಿಸ್ಕಿದೆ. ಅದರಲ್ಲಿ ಕೊಡಗಿನ ಹಸಿರೆಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿದೆ, ಕಾವೇರಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಚಿತ್ರ ಒಮ್ಮೆ ತಡೆದು ನಿಲ್ಲುತ್ತದೆ. ಸ್ವಲ್ಪ ಕಾದರೆ ಮುಂದೆ ಓಡುತ್ತದೆ.