ಎಳ್ಳಮಾಸಿಯ ಊಟ ಮತ್ತು ಗಡಿಯ ಚರಿತ್ರೆ: ಅಕ್ಕಲಕೋಟೆ ಸೀಮೆಯಿಂದ ಒಂದು ಟಿಪ್ಪಣಿ

ಗಡಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆಯೋಗದ ವರದಿಗಳಿಂದ ಓದುತ್ತೇವೆ. ನಾನಿವತ್ತು ಅದನ್ನು ಒಂದು ಊಟದಿಂದ ಓದಬೇಕಂತ ಮಾಡೀನಿ. ನಾನು ಅಕ್ಕಲಕೋಟೆ ತಾಲೂಕಿನವನು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ.

ಮಾರ್ಗಶಿರದ ಕೊನೆಗೆ, ಹಿಂಗಾರಿ ಜೋಳ ಹೊಲದಾಗ ನಿಂತಿರುವಾಗ, ನಮ್ಮಲ್ಲಿ ಎಳ್ಳಮಾಸಿ. ಜೋಳದ ಕಣಿಕಿಯ ಗುಡಿಸಲು ಮಾಡಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರಂತ ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಊಟ: ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಭಜ್ಜಿ, ಅಂಬಲಿ. ಈ ಭಜ್ಜಿ ಎಣ್ಣಿಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಸೊಪ್ಪು ಕೂಡಿಸಿ ಕಡ್ಲಿಹಿಟ್ಟು ಹಾಕಿ ಬೇಯಿಸಿದ ಪಲ್ಯ. ಅಂಬಲಿ ಅಂದ್ರ ಜೋಳದ ಹಿಟ್ಟು, ಮಜ್ಜಿಗಿ, ಬೆಳ್ಳುಳ್ಳಿ, ಜೀರಿಗಿ.

ಇದೇ ದಿನ, ಇದೇ ಊಟ ಬೀದರ, ಕಲಬುರಗಿ ಕಡೆಗೂ ಉಂಟು, ಲಾತೂರು, ಉಸ್ಮಾನಾಬಾದ ಕಡೆಗೂ ಉಂಟು. ಅಲ್ಲಿಯ ಮರಾಠಿ ರೈತರು ಹಬ್ಬಕ್ಕೆ ‘ಯೆಳವಸ’ ಅಂತಾರೆ. ಬರೆಯುವಾಗ ಮಾತ್ರ ಅದು ‘ವೇಳ ಅಮಾವಾಸ್ಯಾ’.

ಐದನೇ ಇಯತ್ತೆಯಲ್ಲಿ ನಾನು ನಿಬಂಧದಲ್ಲಿ ‘ಯೆಳವಸ’ ಅಂತ ಬರೆದಿದ್ದೆ. ಗುರುಗಳು ಕೆಂಪು ಶಾಯಿಯಲ್ಲಿ ಅದನ್ನು ‘ವೇಳ’ ಅಂತ ತಿದ್ದಿದರು. ಅವರದು ತಪ್ಪಂತ ನಾನು ಹೇಳಲಾರೆ. ಹಳ್ಳಿಯ ಮರಾಠಿಯಲ್ಲಿ ‘ವೇಳ’ ಅನ್ನೋದು ‘ಯೇಳ’ ಆಗ್ತದೆ. ಆದ್ದರಿಂದ ‘ಯೆಳ’ ಕೇಳಿದವರು ಅದನ್ನು ‘ಶುದ್ಧ’ ಮಾಡಿ ‘ವೇಳ’ ಬರೆಯುವುದು ಸಹಜ. ಆದರೆ ವೇಳ ಅಂದ್ರ ಹೊತ್ತು. ಹೊತ್ತಿನ ಅಮಾಸಿಗೆ ಅರ್ಥವಿಲ್ಲ. ಎಳ್ಳ ಅಮಾಸಿಗೆ ಅರ್ಥವಿದೆ. ಆ ತಿದ್ದುಪಡಿಯಲ್ಲಿ ಕಳೆದದ್ದು ಎಳ್ಳು.

ಈಗ ನಕಾಶೆ ನೋಡೋಣ. ಬೀದರ, ಕಲಬುರಗಿ, ಉಸ್ಮಾನಾಬಾದ ಮೂರೂ ಹೈದರಾಬಾದ ಸಂಸ್ಥಾನದಲ್ಲಿದ್ದವು. ಅಕ್ಕಲಕೋಟೆ ಬೇರೆಯೇ ಸಂಸ್ಥಾನ. 1956ರ ನವೆಂಬರ್ 1ರಂದು ಬೀದರ, ಕಲಬುರಗಿ ಮೈಸೂರಿಗೆ ಬಂದವು, ಉಸ್ಮಾನಾಬಾದ ಮುಂಬಯಿ ರಾಜ್ಯಕ್ಕೆ ಹೋಯಿತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು ಮೈಸೂರಿಗೆ ಕೊಡಬೇಕೆಂದಿತು, ಅದು ಜಾರಿಯಾಗಲಿಲ್ಲ. ಈ ಯಾವ ಗೆರೆಯೂ ಎಳ್ಳಮಾಸಿಯ ಸೀಮೆಯ ಮೇಲೆ ಕೂಡುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಹೆಸರಿನ ಮೂಲ ಕನ್ನಡವಾದರೆ ಉಣ್ಣುವವರೆಲ್ಲ ಮೂಲದಲ್ಲಿ ಕನ್ನಡಿಗರು ಅಂತ ಆಗೋದಿಲ್ಲ. ಊಟದ ಸಾಕ್ಷಿಯಿಂದ ಭೂಮಿಯ ದಾವೆ ಹೂಡಬಾರದು. ಎರಡನೆಯದು, ಇದು ಹೊಲ ಇದ್ದವರ ಹಬ್ಬ. ನಮ್ಮ ಹೊಲದಾಗ ಕಣಿಕಿ ಕಟ್ಟಿದವರು ಆಳುಗಳು. ಅವರು ಪಂಕ್ತಿಯಲ್ಲಿ ಕೊನೆಗೆ ಕೂತದ್ದನ್ನು ನಾನೇ ನೋಡೀನಿ. ಗಡಿಗೆ ಅಡ್ಡಬರದ ಊಟ ಜಾತಿಗೆ ಅಡ್ಡಬಂದಿತ್ತು. ಅದನ್ನು ಬಿಟ್ಟು ಬರೆದರೆ ಸಾಮರಸ್ಯದ ಚಂದದ ಕತಿ ಆದೀತು, ಚರಿತ್ರೆ ಆಗದು.

ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಊರಿಗೆ ಹೋದಾಗ ತಿನಿಸಿನ ಹೆಸರನ್ನು ಅಡಿಗಿ ಮಾಡುವವರ ಬಾಯಿಂದಲೇ ಬರೆದುಕೊಳ್ಳಿರಿ, ಯಾರು ಯಾರ ಸಂಗಡ ಉಂಡರು ಅನ್ನೋದನ್ನೂ ಬರೆದುಕೊಳ್ಳಿರಿ. ನಮ್ಮ ಆಯಿ ಕಡೀತನಕ ಎಳ್ಳಮಾಸಿ ಅಂತಲೇ ಅಂದಳು. ನನ್ನ ಮಗಳು ‘ವೇಳ’ ಅಂತಾಳ.